ಬೀಗ ಹಾಕಿದ ನಾಲ್ಕು ಗಂಟೆ

ಹಿಂದೆಲ್ಲ ಒಬ್ಬರು ಆಫೀಸಿನಲ್ಲಿದ್ದಾರೋ ಇಲ್ಲವೋ ಎಂಬುದನ್ನು ಕುರ್ಚಿಗೆ ನೇತುಹಾಕಿದ ಕೋಟು ಹೇಳುತ್ತಿತ್ತು. ಕೋಟಿದ್ದರೆ ಸಾಹೇಬರು ಇಲ್ಲೇ ಎಲ್ಲೋ ಕಾಫಿಗೆ ಹೋಗಿದ್ದಾರೆಂದು ಅರ್ಥ. ಬ್ಯಾಂಕಿನಲ್ಲಿ ಇಂಥ ಕೋಟುಗಳನ್ನು ಬೇಕಾದಷ್ಟು ಕಂಡು ನಿವೃತ್ತರಾದ ತಂದೆಗೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಆಗಷ್ಟೇ ಸೇರಿದ ಮಗ, "ಯಾರು ಯಾವಾಗ ಬಿಡುವಾಗಿದ್ದಾರೆ ಅಂತ ನಾವು ಕೂತಲ್ಲೇ ನೋಡಬಹುದು ಅಪ್ಪ" ಎಂದ. ಅವರು ಪೇಪರು ಮಡಿಸಿಟ್ಟು ಕೇಳಿದರು: "ಅವರನ್ನ ಕೇಳದೇನೇ?"

ಪ್ರಶ್ನೆ ಸಣ್ಣದಲ್ಲ. 1997ರಲ್ಲಿ ಮೈಕ್ರೋಸಾಫ್ಟಿನ ಔಟ್‌ಲುಕ್ ಬಂದಂದಿನಿಂದ ಟಪಾಲು ಮತ್ತು ಕ್ಯಾಲೆಂಡರು ಒಂದೇ ಸೂರಿನಡಿ ಸಂಸಾರ ಹೂಡಿವೆ. ಕ್ಯಾಲೆಂಡರ್ ತೆರೆದು, ಆಫೀಸಿನ ವಿಳಾಸಪಟ್ಟಿಯಿಂದ ಸಹೋದ್ಯೋಗಿಯ ಹೆಸರು ಆರಿಸಿದರೆ ಸಾಕು, ಅವರ ವಾರ ನಿಮ್ಮ ವಾರದ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಎಷ್ಟು ಕಾಣಬೇಕೆಂಬುದು ಮಾತ್ರ ಅದರ ಒಡೆಯರಿಗೆ ಬಿಟ್ಟದ್ದು. ಸಾಮಾನ್ಯವಾಗಿ ಕಾಣುವುದು ಬಣ್ಣದ ಒಂದು ಪಟ್ಟಿ, ಅದರ ಮೇಲೆ 'ಬ್ಯುಸಿ' ಎಂಬ ಒಂದೇ ಮಾತು. ಒಡೆಯರು ಮನಸ್ಸು ಮಾಡಿದರೆ ಕೆಲಸದ ಹೆಸರು, ಸ್ಥಳ. ಇನ್ನೂ ಧಾರಾಳಿಗಳಾದರೆ ಪೂರ್ತಿ ವಿವರ. ಜಗಲಿ, ನಡುಮನೆ, ಅಡುಗೆಮನೆ ಎಂಬ ಹಳೇ ಮನೆಗಳ ಲೆಕ್ಕವೇ ಇದು.

ಹುಡುಗನ ತಂಡದಲ್ಲಿ ಹಿರಿಯ ಮೇಡಂ ಒಬ್ಬರಿದ್ದರು. ಅವನ ಕೆಲಸವನ್ನು ಅವರು ನೋಡಿ ಒಪ್ಪಬೇಕು. ಸಮಯ ಹುಡುಕಲು ಅವರ ಕ್ಯಾಲೆಂಡರ್ ತೆರೆದರೆ ಎಲ್ಲ ಮೀಟಿಂಗುಗಳ ವಿವರವೂ ಇದೆ, ಮಂಗಳವಾರ ಮತ್ತು ಗುರುವಾರ ಸಂಜೆ ನಾಲ್ಕರದ್ದು ಮಾತ್ರ ಇಲ್ಲ. ಅಲ್ಲಿ ಪುಟ್ಟ ಬೀಗದ ಚಿತ್ರ, 'ಪ್ರೈವೇಟ್' ಎಂಬ ಬರಹ. (ಈ ಬೀಗವೂ ಭಾರೀ ಗಟ್ಟಿಯೇನಲ್ಲ. ಓದಲು ಅನುಮತಿ ಇದ್ದವರು ಬೇರೆ ತಂತ್ರಾಂಶದ ಮೂಲಕ ಒಳಗೆ ಇಣುಕುವುದು ಸಾಧ್ಯ.) ಮೇಡಂ ಆ ಹೊತ್ತಿಗೆ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

ತೆರೆದ ಬಾಗಿಲಿಗಿಂತ ಮುಚ್ಚಿದ ಬಾಗಿಲಿಗೇ ಜನ ಹೆಚ್ಚು. ಕ್ಯಾಂಟೀನಿನಲ್ಲಿ ಹುಡುಗ ವಿಷಯ ತೆಗೆದ. ಒಬ್ಬ ಯೋಗದ ಕ್ಲಾಸೆಂದ, ಇನ್ನೊಬ್ಬ ಬೇರೆ ಕಂಪನಿ ಹುಡುಕುತ್ತಿದ್ದಾರೆಂದ. ಮಿಕ್ಕವರಿಗಿಂತ ಜೋರಾಗಿ ನಕ್ಕವನು ಇವನೇ.

ಬುಧವಾರ ಮಧ್ಯಾಹ್ನ ಮೇಡಂ ಅವನ ಮೇಜಿನ ಬಳಿ ಬಂದು ನಿಂತರು. ಅಕ್ಕಪಕ್ಕ ಯಾರೂ ಇರಲಿಲ್ಲ. "ಶುಕ್ರವಾರ ಹನ್ನೊಂದು ಗಂಟೇದು ಇದೆಯಲ್ಲಪ್ಪ, ಅದಕ್ಕೊಂದು ಬೀಗ ಹಾಕ್ಕೋ" ಎಂದರು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವರು ಹೋದ ಮೇಲೆ ತನ್ನದೇ ಕ್ಯಾಲೆಂಡರ್ ನೋಡಿ ಅಂಗೈ ಬೆವರಿತು. ಮರೆತುಹೋದೀತೆಂದು ಬರೆದಿಟ್ಟಿದ್ದ ಇಂಟರ್‌ವ್ಯೂ ಅದು! ಇನ್ನೊಂದು ಕಂಪನಿಯ ಹೆಸರು, ಕಟ್ಟಡ, ಮಹಡಿ ಯಾವುದನ್ನೂ ಬಿಟ್ಟಿರಲಿಲ್ಲ. ಸೇರಿದ ಮೊದಲ ದಿನ ಉತ್ಸಾಹದಲ್ಲಿ ಇಡೀ ತಂಡಕ್ಕೆ 'ಎಲ್ಲ ವಿವರ' ತೋರಿಸಲು ಒಪ್ಪಿಗೆ ಕೊಟ್ಟಿದ್ದವನೂ ಅವನೇ. ಇಂಟರ್‌ವ್ಯೂ ಹತ್ತು ದಿನದಿಂದ ಅಲ್ಲೇ ಕೂತಿತ್ತು. ಯಾರು ಬಂದು ನೋಡಿಹೋದರೆಂದು ಒಡೆಯನಿಗೆ ತಿಳಿಸುವ ಗಂಟೆಯೇನೂ ಆ ಬಾಗಿಲಿಗಿಲ್ಲ. ಮ್ಯಾನೇಜರು ನೋಡಿರಬಹುದು, ನೋಡದೆಯೂ ಇರಬಹುದು.

'ಪ್ರೈವೇಟ್' ಒತ್ತಿ, ಸೀದಾ ಮೇಡಂ ಹತ್ತಿರ ಹೋದ. "ನೀವು... ಯಾರಿಗಾದರೂ..." ಮಾತು ಮುಂದೆ ಹೋಗಲಿಲ್ಲ.

"ನಾನು ತೆಗೆದದ್ದು ನಿನ್ನ ರಿವ್ಯೂಗೆ ಟೈಮ್ ಹುಡುಕೋಕೆ. ಗುರುವಾರ ನಾಲ್ಕಕ್ಕೆ ನನಗಾಗಲ್ಲ."

"ಮೂರಕ್ಕೆ ಇಟ್ಟುಕೊಳ್ಳೋಣ ಮೇಡಂ" ಎಂದ.

ರಾತ್ರಿ ಊಟದ ಹೊತ್ತಿಗೆ ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದ, ಕ್ಯಾಂಟೀನಿನ ನಗುವನ್ನೂ ಬಿಡದೆ. ಅವರು ಮಜ್ಜಿಗೆ ಬಡಿಸಿಕೊಳ್ಳುತ್ತಾ, "ಆಯಮ್ಮ ನಾಲ್ಕಕ್ಕೆ ಎಲ್ಲಿಗೆ ಹೋಗ್ತಾರಂತೆ?" ಎಂದು ಕೇಳಿದರು.

"ಕೇಳಲಿಲ್ಲ ಅಪ್ಪ."