ಲೆಕ್ಕಕ್ಕೆ ಸಿಕ್ಕದ್ದು

ಹಾಜರಿ ಪುಸ್ತಕದ ಕೆಂಪು ಶಾಯಿಗೆ ಅಂಜುವುದು ಗುಮಾಸ್ತರ ಕುಲಧರ್ಮ. ನಮ್ಮ ತಂದೆಯವರು ಅದಕ್ಕೆ ಹೆದರಿಯೇ ಮಜ್ಜಿಗೆಯನ್ನು ನಿಂತು ಕುಡಿದು ಕಚೇರಿಗೆ ಓಡುತ್ತಿದ್ದರು. ಆದರೆ ಆ ಪುಸ್ತಕ ಬಂದ ಹೊತ್ತನ್ನು ನೋಡುತ್ತಿತ್ತೇ ಹೊರತು, ಬಂದ ಮೇಲೆ ಏನು ಮಾಡಿದಿರಿ ಎಂದು ಕೇಳುತ್ತಿರಲಿಲ್ಲ.

ಈಗ ಪುಣೆಯ ನಮ್ಮ ಕಚೇರಿಯ ಕಂಪ್ಯೂಟರ್ ಜಾಲದ ಬಾಗಿಲಲ್ಲಿ ಪ್ರಾಕ್ಸಿ ಸರ್ವರ್ ಎಂಬ ಯಂತ್ರ ಕುಳಿತಿದೆ. ಯಾರ ಲಾಗಿನ್, ಯಾವ ಐಪಿ ವಿಳಾಸ, ಎಷ್ಟು ಗಂಟೆಗೆ ಯಾವ ತಾಣ, ಎಷ್ಟು ಬೈಟು ಎಂದು ನಿದ್ದೆಗೆಟ್ಟು ಬರೆಯುತ್ತದೆ. ಬೀಗ ಹಾಕಿದ ತಾಣವಾದರೆ ಹೆಸರಷ್ಟೇ ಅದಕ್ಕೆ ಗೊತ್ತು. ಒಳಗೆ ನೋಡಿದ್ದೇನೆಂದು ತಿಳಿಯದು. ಹೀಗೆ ಬರೆದಿಡುವುದು ತಪ್ಪೆಂದು ನಾವು ಹೇಳೆವು. ಕಳ್ಳ ಹೊಕ್ಕರೆ ಹೆಜ್ಜೆ ಹುಡುಕಲು ಬೇಕು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವೂ ಇಂಥ ದಾಖಲೆಗಳನ್ನು 180 ದಿನ ಕಾಪಾಡಬೇಕೆನ್ನುತ್ತದೆ. ಹಾಗೆಂದು ನೌಕರನಿಗೆ ಮರೆಯೇ ಇಲ್ಲವೆಂದಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆಲ್ಲ ಹೆಮ್ಮೆ.

ಹೋದ ವರ್ಷ ನಮಗೊಂದು ಮೆಮೋ ಬಂತು: ನಿತ್ಯ ಸಂಜೆ ಆರರ ಮೇಲೆ ನಮ್ಮ ಲಾಗಿನ್ನಿನಲ್ಲಿ ವಿಡಿಯೋ ನೋಡಲಾಗಿದೆ! ಆ ಹೊತ್ತಿಗೆ ನಾವು ಬಸ್ಸಿನಲ್ಲಿ ಜೋತಾಡುತ್ತಿದ್ದೆವು. ಬೆರಳೊತ್ತುವ ಹಾಜರಿ ಯಂತ್ರವೇ ಅದಕ್ಕೆ ಸಾಕ್ಷಿ. ನಾವಲ್ಲವೆಂದು ಬರೆಯಹೊರಟವರಿಗೆ ಥಟ್ಟನೆ ನೆನಪಾಯಿತು. ವಿಜಯಪುರದ ಕಡೆಯ ಹುಡುಗ, ಗುತ್ತಿಗೆಯ ಜವಾನ, ಪರೀಕ್ಷೆಗೆ ಓದುವವನು, "ಒಂದ್ ತಾಸು ಪಾಠ ನೋಡ್ತೀನ್ರಿ ಸರ" ಎಂದಾಗ ಪಾಸ್‌ವರ್ಡು ಕೊಟ್ಟವರು ನಾವೇ!

ದಾಖಲೆ ಸುಳ್ಳಾಡಿರಲಿಲ್ಲ. ಅದಕ್ಕೆ ಹೆಸರು ಗೊತ್ತಿತ್ತು, ಬೆರಳು ಗೊತ್ತಿರಲಿಲ್ಲ. ವಿಡಿಯೋ ಗೊತ್ತಿತ್ತು, ಪಾಠ ಗೊತ್ತಿರಲಿಲ್ಲ. ನಾವು ಜಾರಿಕೊಂಡರೆ ಹುಡುಗನ ಅನ್ನ ಹೋಗುತ್ತದೆ. ರಾತ್ರಿ ಮನೆಯಾಕೆ ಒಂದೇ ಮಾತು ಹೇಳಿದಳು: "ಕೊಟ್ಟವರು ನೀವು. ಅದನ್ನೇ ಹೇಳಿ."

ಮರುದಿನ ಸಾಹೇಬರೆದುರು ನಿಂತು ನಡೆದದ್ದನ್ನೆಲ್ಲ ಹೇಳಿ, ತಪ್ಪು ನಮ್ಮದೆಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ನಮಗೊಂದು ಎಚ್ಚರಿಕೆ ಪತ್ರ ಕೊಟ್ಟರು. ಹುಡುಗನ ಹೆಸರನ್ನು ಅದರಲ್ಲಿ ಬರೆಯಲಿಲ್ಲ.

ಈಗ ಅವನು ಸಂಜೆ ನಮ್ಮ ಮನೆಗೇ ಬಂದು ಓದುತ್ತಾನೆ. ಮನೆಯಾಕೆ ಅವನಿಗೆ ಕೊಡುವ ಅವಲಕ್ಕಿಯ ಲೆಕ್ಕವನ್ನು ಯಾವ ಯಂತ್ರವೂ ಇಟ್ಟಿಲ್ಲ.