ಇಪ್ಪತ್ತೆರಡನೆಯ ಫ್ಯಾಂಟಮ್ ಬರಲೇ ಇಲ್ಲ

ಕಾಮಿಕ್ಸ್ ನಾಯಕ ಫ್ಯಾಂಟಮ್‌ಗೆ ಸಾವೇ ಇಲ್ಲವೆಂದು ಕಾಡಿನ ಜನ ನಂಬಿದ್ದರು. ಸಾವುಂಟು ಎಂಬ ಗುಟ್ಟು ಗೊತ್ತಿದ್ದದ್ದು ಬಾಂಡಾರ್ ಕುಳ್ಳರಿಗೆ, ಮತ್ತೆ ಓದುಗರಾದ ನಮಗೆ. ಅಪ್ಪ ಸತ್ತರೆ ಮಗ ತಲೆಬುರುಡೆ ಮುಟ್ಟಿ ಆಣೆ ಮಾಡಿ ಅದೇ ಮುಖವಾಡ ತೊಡುತ್ತಾನೆ. ಹೀಗೆ ಇಪ್ಪತ್ತು ಜನ ಆಗಿಹೋಗಿದ್ದರು. ನಾವು ಓದುತ್ತಿದ್ದದ್ದು ಇಪ್ಪತ್ತೊಂದನೆಯವನ ಕಥೆ. ಹಾಗಿದ್ದ ಮೇಲೆ ಮುಂದಿನವನು ಯಾವಾಗ ಬರುತ್ತಾನೆಂದು ಲೆಕ್ಕ ಹಾಕದೆ ಇರುವುದುಂಟೇ?

'ಸುಧಾ' ವಾರಪತ್ರಿಕೆ ಮನೆಗೆ ಬಂದ ದಿನ ಅಣ್ಣ ತಂಗಿಯರ ಕಿತ್ತಾಟ ಫ್ಯಾಂಟಮ್ ಪುಟಕ್ಕಾಗಿ. ಕೊನೆಯ ಚೌಕದಲ್ಲಿ ಯಾರೋ ಹಿಂದಿನಿಂದ ಪಿಸ್ತೂಲು ಗುರಿಯಿಟ್ಟಿರುತ್ತಿದ್ದ. ಫ್ಯಾಂಟಮ್‌ನ ತೋಳ ಡೆವಿಲ್ ಹಾರಿ ಕೈ ಕಚ್ಚುತ್ತದೆ ಎಂದು ಒಬ್ಬ, ಇಲ್ಲ, ಬಾಂಡಾರರ ನಾಯಕ ಗುರಾನ್ ವಿಷಬಾಣ ಬಿಡುತ್ತಾನೆ ಎಂದು ಇನ್ನೊಬ್ಬ. ವಾರವಿಡೀ ಇದೇ ವಾದ, ಇದರ ಮೇಲೆ ಪೆಪ್ಪರಮೆಂಟಿನ ಪಂದ್ಯ. ರದ್ದಿ ಅಂಗಡಿಯಲ್ಲಿ ಹಳೆಯ ಇಂದ್ರಜಾಲ ಕಾಮಿಕ್ಸ್ ಸಿಕ್ಕಿದವನ ಮಾತಿಗೆ ತೂಕ ಜಾಸ್ತಿ.

ನಮ್ಮ ಆಸೆಗಳಾದರೋ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಪ್ರೇಯಸಿ ಡಯಾನಾಳ ಜೊತೆ ಫ್ಯಾಂಟಮ್‌ನ ಮದುವೆಯೂ ಆಗಬೇಕು, ಅವನ ಗುಹೆಯಲ್ಲಿ ಏನೂ ಬದಲಾಗಲೂಬಾರದು. ಕಥೆ ಬರೆಯುತ್ತಿದ್ದ ಲೀ ಫಾಕ್‌ಗೆ ಇದು ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ. 1936ರಲ್ಲಿ ಶುರುವಾದ ಕಥೆಯಲ್ಲಿ ಮದುವೆ ಮಾಡಿಸಿದ್ದು 1977ರಲ್ಲಿ! 1979ರಲ್ಲಿ ಅವಳಿ ಮಕ್ಕಳು, ಕಿಟ್ ಮತ್ತು ಹೆಲೊಯಿಸ್. ವಾರಸುದಾರ ಹುಟ್ಟಿದ, ಇನ್ನೇನು ಬೆಳೆದೇಬಿಡುತ್ತಾನೆ ಎಂದುಕೊಂಡೆವು. ಆದರೆ ಮಗ ಮುಖವಾಡ ತೊಡಬೇಕಾದರೆ ಅಪ್ಪ ಸಾಯಬೇಕು. ದಿನವೂ ಪತ್ರಿಕೆಗೆ ಬೇಕಾದ ನಾಯಕನನ್ನು ಕೊಲ್ಲುವವರು ಯಾರು? ಮಕ್ಕಳು ಮಕ್ಕಳಾಗಿಯೇ ಉಳಿದರು. ಪಂದ್ಯ ಕಟ್ಟಿದವರ ತಲೆ ನರೆಯಿತು.

1999ರಲ್ಲಿ ಫಾಕ್ ತೀರಿಕೊಂಡ ಮೇಲೆ ಟೋನಿ ಡಿಪಾಲ್ ಬರೆಯತೊಡಗಿದರು. 2009ರಲ್ಲಿ ಡಯಾನಾ ಸತ್ತಳೆಂದೇ ಸುದ್ದಿ ಬಂತು. ಕೊನೆಗೆ ನೋಡಿದರೆ ಆಕೆ ಸೆರೆಮನೆಯಲ್ಲಿದ್ದಳು, ಗಂಡನೇ ಬಿಡಿಸಿ ತಂದ. ಇತ್ತೀಚೆಗೆ ಕಾಡಿನ ಮುದುಕ ಮೋಜ್ ಎಂಬವನು ನುಡಿದ ಭವಿಷ್ಯದಲ್ಲಿ ಇಪ್ಪತ್ತೊಂದನೆಯವನ ಸಾವನ್ನೂ ತೋರಿಸಿದರು. ಅದು ಬರಿಯ ಭವಿಷ್ಯ. ಸಾವು ಹೊಸಿಲವರೆಗೆ ಬಂದು ವಾಪಸು ಹೋಯಿತು. ಎಂಥ ಜಗಳಕ್ಕೆ ಒದಗಬೇಕಿದ್ದ ಕಥೆಗಳಿವು! ಆದರೆ ಇಂದ್ರಜಾಲ 1990ರಲ್ಲೇ ನಿಂತಿತ್ತು. ನಾವೋ, ನೌಕರಿ, ಸಂಸಾರ, ಸಾಲ ಎಂದು ದಿಕ್ಕಿಗೊಬ್ಬರಾಗಿ ಚೆದುರಿದ್ದೆವು.

ಊಹೆ ಸುಳ್ಳಾಯಿತೆಂದು ನನಗೆ ಬೇಜಾರಿಲ್ಲ. ಸುಳ್ಳಾಗುವುದರಲ್ಲೇ ಮಜಾ ಇತ್ತು. ಈಗ ಹಳೆಯ ಕಥೆಗಳೆಲ್ಲ ದಪ್ಪ ಸಂಪುಟಗಳಾಗಿ ಸಿಗುತ್ತವೆ. ಪಿಸ್ತೂಲು ಗುರಿಯಿಟ್ಟವನ ಗತಿ ಏನಾಯಿತೆಂದು ಪುಟ ತಿರುವಿದರೆ ಆಯಿತು, ವಾದಕ್ಕೆ ಪುರುಸೊತ್ತೇ ಇಲ್ಲ. ನಾಳೆ ಕಿಟ್ ನಿಜವಾಗಿಯೂ ಮುಖವಾಡ ತೊಟ್ಟರೂ, "ಹೇಳಿರಲಿಲ್ವೇನೋ ನಾನು? ತೆಗಿ ಪೆಪ್ಪರಮೆಂಟು" ಎಂದು ಯಾರ ಹತ್ತಿರ ಕೇಳಲಿ?