ಎಲ್ಲಿತನಕ ಬಂತು?

ನಮ್ಮ ಸಗರನಾಡಿನಲ್ಲಿ ಶ್ರಾವಣ ಬಂತೆಂದರೆ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಹೆಚ್ಚಿನ ಕಡೆ ಕಲಬುರ್ಗಿ ಶರಣಬಸವೇಶ್ವರರ ಪುರಾಣ. ಶಾಸ್ತ್ರಿಗಳು ಹೇಳುತ್ತಾರೆ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ತಿಂಗಳ ಕೊನೆಗೆ ಮಂಗಲ. ಹೊಲದಿಂದ ತಡವಾಗಿ ಬಂದವರು ಚಪ್ಪಲಿ ಬಿಡುತ್ತಲೇ ಹಿಂದಿನ ಸಾಲಿನಲ್ಲಿ ಕೂತವರನ್ನು ಮೆಲ್ಲಗೆ ಕೇಳುತ್ತಾರೆ: ‘ಎಲ್ಲಿತನಕ ಬಂತ್ರೀ?’ ಕಥೆ ಗೊತ್ತಿಲ್ಲದೆ ಕೇಳುವುದಲ್ಲ. ಎಷ್ಟೋ ಶ್ರಾವಣ ಕೇಳಿದ ಕಥೆ. ಶರಣರು ಅರಳಗುಂಡಗಿ ಬಿಟ್ಟು ಕಲಬುರ್ಗಿಯ ದಾರಿ ಹಿಡಿದರೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕು, ಕೂತು ಕಣ್ಣು ಮುಚ್ಚಿ ಕೇಳಲು ಶುರು.

ಓದುಗರಿಬ್ಬರು ಭೇಟಿಯಾದಾಗ ಕೇಳಬೇಕಾದ ಪ್ರಶ್ನೆಯೂ ಇದೇ ಎಂದು ನನ್ನ ನಂಬಿಕೆ. ಪುಸ್ತಕ ಮುಗಿಸಿದವರು ಮಾತಿಗಿಳಿದರೆ ತೀರ್ಪು ಕೊಡುತ್ತಾರೆ. ಚೆನ್ನಾಗಿದೆ, ಪರವಾಗಿಲ್ಲ, ಮೊದಲಿನದರಷ್ಟು ಇಲ್ಲ. ಅಲ್ಲಿಗೆ ಮಾತು ಮುಗಿಯಿತು, ಚಾ ತಣ್ಣಗಾಯಿತು. ಅರ್ಧ ಓದಿದವನ ಹತ್ತಿರ ತೀರ್ಪಿರುವುದಿಲ್ಲ, ಚಡಪಡಿಕೆ ಇರುತ್ತದೆ. ಒಂದು ಪಾತ್ರದ ಮೇಲೆ ಅನುಮಾನ, ಲೇಖಕನ ಮೇಲೆ ಸಿಟ್ಟು, ರಾತ್ರಿ ಕರೆಂಟು ಹೋದದ್ದಕ್ಕೆ ಸಂಕಟ. ನನಗೆ ಇಂಥವರ ಜೊತೆ ಕೂರುವುದೇ ಇಷ್ಟ.

ಸುರಪುರದಲ್ಲಿ ನಾವು ಕೆಲವರು ಆಗಾಗ ಐತಾರ ಬೆಳಿಗ್ಗೆ ಒಂದು ಹೋಟೆಲಿನ ಹೊರಗಿನ ಬೆಂಚಿನ ಮೇಲೆ ಸೇರುತ್ತೇವೆ. ಗುಂಪಿಗೆ ಹೆಸರಿಲ್ಲ, ಬ್ಯಾನರಿಲ್ಲ, ಅಧ್ಯಕ್ಷರಂತೂ ಮೊದಲೇ ಇಲ್ಲ. ನಿವೃತ್ತ ಮಾಸ್ತರರೊಬ್ಬರು, ಶಹಾಪುರದಿಂದ ಬರುವ ಹತ್ತಿ ವ್ಯಾಪಾರಿ, ಯಾದಗಿರಿ–ಸುರಪುರ ಬಸ್ಸಿನ ಕಂಡಕ್ಟರ್, ನಾವೆಲ್ಲ ‘ಸಿಸ್ಟರ್’ ಎಂದೇ ಕರೆಯುವ ಆಸ್ಪತ್ರೆಯ ನರ್ಸ್, ಉರ್ದು ಚೆನ್ನಾಗಿ ಬಲ್ಲ ಹಿರಿಯರೊಬ್ಬರು, ನಾನು. ಸುಸಲಾ, ಮಿರ್ಚಿ ಬರುತ್ತದೆ. ಬಲಗೈಗೆ ಎಣ್ಣೆ, ಆದ್ದರಿಂದ ಎಲ್ಲರೂ ಎಡಗೈಯಲ್ಲೇ ಪುಟ ತಿರುವುತ್ತೇವೆ. ನಿಯಮ ಒಂದೇ: ಮುಗಿಸಿದ ಪುಸ್ತಕ ತರುವಂತಿಲ್ಲ.

ಈಗ ನನ್ನ ಕೈಯಲ್ಲಿರುವುದು ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ, ‘ದಿ ಸ್ಟೋರಿ ಆಫ್ ಮೈ ಲೈಫ್’. 1876ರಲ್ಲಿ ಟೇಲರ್ ತೀರಿಕೊಂಡ ಮೇಲೆ ಅವನ ಮಗಳು ಮರುವರ್ಷ ಅಚ್ಚು ಹಾಕಿಸಿದ್ದು. 1839ರಲ್ಲೇ ಠಗ್ಗರ ಬಗ್ಗೆ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು, 1841ರಿಂದ 1853ರವರೆಗೆ ನಮ್ಮ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ರಾಣಿ ಈಶ್ವರಮ್ಮನ ಜೊತೆ ಅವನ ಜಟಾಪಟಿ, ಬಾಲಕ ರಾಜ ವೆಂಕಟಪ್ಪ ನಾಯಕ ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದನೆಂಬ ಅಕ್ಕರೆ, ಬೆಟ್ಟದ ಮೇಲೆ ಮನೆ ಕಟ್ಟಿಕೊಂಡ ಸಂಭ್ರಮ, ಎಲ್ಲ ಇದರಲ್ಲಿದೆ. ಆ ಮನೆ ಟೇಲರ್ ಮಂಜಿಲ್ ಎಂಬ ಹೆಸರಲ್ಲಿ ಇವತ್ತಿಗೂ ಊರ ಮೇಲೆ ನಿಂತಿದೆ.

ಈ ಪುಸ್ತಕವನ್ನು ಬೆಂಗಳೂರಿನಲ್ಲಿ ಓದಿದ್ದರೆ ಬೇಗ ಮುಗಿಯುತ್ತಿತ್ತು. ಸುರಪುರದಲ್ಲಿ ಮುಗಿಯುವುದೇ ಇಲ್ಲ. ನಾನು ಒಂದು ಅಧ್ಯಾಯ ಹೇಳಿದರೆ ಬೆಂಚು ಎರಡು ಅಧ್ಯಾಯ ಸೇರಿಸುತ್ತದೆ. ರಾಜ ಇನ್ನೂ ಹುಡುಗನಾಗಿರುವಾಗಲೇ ಮಾಸ್ತರರು ಕೇಳಿದರು: ‘ಜಾತಕದ ಸಂಗತಿ ಬಂತೇನ್ರಿ?’ ಬಂದಿತ್ತು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ರಾಜನಿಗೆ ಮೃತ್ಯು ಎಂದು ಜಾತಕ ಹೇಳುವುದನ್ನು ಟೇಲರ್ ತುಸು ನಕ್ಕು, ತುಸು ಅಂಜಿ ಬರೆಯುತ್ತಾನೆ. ಮುಂದೆ ಓದುವುದು ಬೇಡವೆನ್ನಿಸಿ ಪುಸ್ತಕ ಮಡಿಚಿಟ್ಟಿದ್ದೆ. ಮುಂದಿನದು ಇಲ್ಲಿ ಯಾರಿಗೆ ಗೊತ್ತಿಲ್ಲ? 1858ರ ಫೆಬ್ರುವರಿಯಲ್ಲಿ ಬ್ರಿಟಿಷರೊಡನೆ ಕಾಳಗ, ಊರು ಬಿದ್ದದ್ದು, ರಾಜ ಸೆರೆಯಾದದ್ದು. ಮರಣದಂಡನೆ ಇಳಿದು ಸೆರೆವಾಸವಾಯಿತು. ಸಿಕಂದರಾಬಾದಿನಿಂದ ಒಯ್ಯುವ ದಾರಿಯಲ್ಲಿ ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹಾರಿಸಿಕೊಂಡ ಎನ್ನುತ್ತಾನೆ ಟೇಲರ್.

‘ಟೇಲರ್ ಅಲ್ಲಿದ್ದನೇನ್ರಿ?’ ಎಂದರು ಕಂಡಕ್ಟರ್.

ಇರಲಿಲ್ಲ. ಕೇಳಿದ್ದನ್ನು ಬರೆದಿದ್ದಾನೆ.

‘ಅಂದ ಮ್ಯಾಲ ನಮ್ಮ ಆಯಿನೂ ಕೇಳಿದ್ದೇ ಹೇಳ್ಯಾಳ್ರಿ. ಅವರೇ ಹೊಡದ್ರು ಅಂತ.’

ಮಾಸ್ತರರು ಮುಂದಿನ ಐತಾರ ಕಪಟರಾಳ ಕೃಷ್ಣರಾಯರು ಬರೆದ ಸುರಪುರ ಸಂಸ್ಥಾನದ ಇತಿಹಾಸವನ್ನು ಚೀಲದಲ್ಲಿ ಹಾಕಿಕೊಂಡೇ ಬಂದರು. ಒಂದು ಕಡೆ ಟೇಲರ್, ಒಂದು ಕಡೆ ಕೃಷ್ಣರಾಯರು, ನಡುವೆ ಕಂಡಕ್ಟರ ಆಯಿ. ಯಾರೂ ಗೆಲ್ಲಲಿಲ್ಲ, ಹೋಟೆಲಿನವನಿಗೆ ಮಾತ್ರ ಒಳ್ಳೆಯ ವ್ಯಾಪಾರವಾಯಿತು. ಅದೇ ಟೇಲರ್ ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಬೃಹತ್ ಶಿಲಾ ಸಾಲುಗಳನ್ನು ಅಳೆದು ಬರೆದ ಸಂಗತಿ ಹೇಳಿದಾಗ ಹತ್ತಿ ವ್ಯಾಪಾರಿ ನಿರ್ವಿಕಾರವಾಗಿ ಅಂದರು: ‘ಸಣ್ಣವರಿದ್ದಾಗ ಆ ಕಲ್ಲಿನ ಮ್ಯಾಲೇ ಆಡೀವಿ ಬಿಡ್ರಿ.’ ಪ್ರಾಗಿತಿಹಾಸಕ್ಕೆ ಇಷ್ಟು ಹತ್ತಿರದ ಓದುಗರು ಎಲ್ಲಿ ಸಿಗಬೇಕು!

ಮಾಸ್ತರರದು ಜೈಮಿನಿ ಭಾರತ. ಅವರು ಅದನ್ನು ಎಂದೂ ಮುಗಿಸುವುದಿಲ್ಲ. ನಿಯಮ ಮುರಿಯದೆ ಬದುಕುವ ಉಪಾಯವದು. ಸುಧನ್ವನಿಂದ ಚಂದ್ರಹಾಸನಿಗೆ ಬರುತ್ತಾರೆ, ಚಂದ್ರಹಾಸನಿಂದ ಮತ್ತೆ ಬಭ್ರುವಾಹನನಿಗೆ ಹಿಂದೆ ಹೋಗುತ್ತಾರೆ. ವಾರ್ಧಕ ಷಟ್ಪದಿಯನ್ನು ಗಟ್ಟಿಯಾಗಿ ಓದಿದರೆ ಪಕ್ಕದ ಪಾನ್ ಡಬ್ಬಿಯವನೂ ರೇಡಿಯೊ ಸಣ್ಣದು ಮಾಡುತ್ತಾನೆ. ಆದರೆ ಅವರ ಮುಂದೆ ಲಕ್ಷ್ಮೀಶನ ಊರು ಕಡೂರು ಸೀಮೆಯ ದೇವನೂರು ಎಂದು ಮಾತ್ರ ಹೇಳಬಾರದು. ಸುರಪುರ ತಾಲೂಕಿನ ದೇವಪುರದವನೇ ಕವಿ ಎಂಬ ವಾದ ಹಳೆಯದು, ಮಾಸ್ತರರು ಅದರ ಕೊನೆಯ ಸಿಪಾಯಿ. ದೇವನೂರಿನ ಪಕ್ಷಕ್ಕೆ ಬಲವಾದ ಆಧಾರಗಳಿವೆ ಎಂದು ನನ್ನ ಅನಿಸಿಕೆ. ಅದನ್ನು ಇಲ್ಲಿ ಬರೆಯಬಲ್ಲೆ, ಬೆಂಚಿನ ಮೇಲೆ ಹೇಳಲಾರೆ. ಮುದನೂರು ದೇವರ ದಾಸಿಮಯ್ಯನ ಊರೆಂಬ ಬಗ್ಗೆ ನಮ್ಮಲ್ಲಿ ಜಗಳವಿಲ್ಲ, ಹಾಗಾಗಿಯೋ ಏನೋ ಅವನ ಬಗ್ಗೆ ಮಾತೂ ಕಡಿಮೆ.

ಸಿಸ್ಟರ್ ತಂದದ್ದು ಗೀತಾ ನಾಗಭೂಷಣರ ‘ಬದುಕು’. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ, ದಪ್ಪ ಪುಸ್ತಕ. ರಾತ್ರಿ ಪಾಳಿಯಲ್ಲಿ ಅಷ್ಟಿಷ್ಟು ಓದುತ್ತಾರಂತೆ. ‘ಮನಸಿನ್ಯಾಗ ಓದಿದ್ರ ಆಗಲ್ರಿ ಇದು, ಬಾಯಿ ಬಿಟ್ಟೇ ಓದಬೇಕು’ ಎಂದು ಎರಡು ಪುಟ ಓದಿದರು. ಕಲಬುರ್ಗಿ ಸೀಮೆಯ ಹೆಂಗಸರು ನಳದ ಹತ್ತಿರ ಆಡುವ ಮಾತು ಅಚ್ಚಿನಿಂದ ಎದ್ದು ಬಂದಹಾಗಾಯಿತು. ಬೈಗುಳ ಬಂದಲ್ಲಿ ಸಿಸ್ಟರ್ ನಿಲ್ಲಿಸಿ ನಕ್ಕರು, ಮಾಸ್ತರರು ಚಾದ ಕಪ್ಪಿನೊಳಗೆ ನೋಡಿದರು. ನಮ್ಮ ಮಾತಿನ ಗದ್ಯವನ್ನು ಒಬ್ಬರೇ ಮೌನವಾಗಿ ಓದಿದರೆ ಅರ್ಧ ರುಚಿ ನಷ್ಟ. ಇದು ನನಗೆ ಆ ದಿನ ಖಾತ್ರಿಯಾಯಿತು.

ನಿಜಾಮರ ಕಾಲದಲ್ಲಿ ಇಲ್ಲಿ ಶಾಲೆಯೆಂದರೆ ಉರ್ದು. 1948ರ ಸೆಪ್ಟೆಂಬರ್ 17ರವರೆಗೂ ಹಾಗೆ. ಮನೆಯಲ್ಲಿ ಕನ್ನಡ ಆಡಿ, ಕಾಗದ ಉರ್ದುವಿನಲ್ಲಿ ಬರೆದ ಆ ತಲೆಮಾರಿಗೆ ಕನ್ನಡದ ಓದು ಕಿವಿಯಿಂದಲೇ ಬಂದದ್ದು: ಪುರಾಣ, ಭಜನೆ, ಬಯಲಾಟ. ಕೂಡಿ ಓದುವ ಚಟ ನಮಗೆ ಅಲ್ಲಿಂದಲೇ ಅಂಟಿರಬೇಕು. ಆ ಉರ್ದುವಿನಿಂದ ಇನ್ನೊಂದು ಲಾಭವೂ ಇದೆ. ರಾಯಚೂರು ಕಡೆಯ ಶಾಂತರಸರು ಕನ್ನಡಕ್ಕೆ ಗಜಲ್ ತಂದ ಮೇಲೆ ನಮ್ಮ ಭಾಗದಲ್ಲಿ ಗಜಲ್ ಬರೆಯದ ಕವಿಯೇ ಅಪರೂಪ. ಯಾರಾದರೂ ಹೊಸ ಸಂಕಲನ ಹಿಡಿದು ಬಂದರೆ ನಮ್ಮ ಹಿರಿಯರು ಕಣ್ಣು ಮುಚ್ಚಿ ಕೇಳುತ್ತಾರೆ. ‘ರದೀಫ್ ಸರಿ ಅದ, ಕಾಫಿಯಾ ತಪ್ಪ್ಯದ’ ಎಂದು ಒಂದೇ ಮಾತು. ಕವಿ ಎದುರಿಗಿದ್ದರೂ ಅಷ್ಟೇ.

ಓದನ್ನು ಮುಚ್ಚಿಡುವ ಕಲೆಯೂ ನಮ್ಮ ನಾಡಿನಲ್ಲಿ ಉಂಟು ಅನ್ನಿ. ಕೊಡೇಕಲ್ಲ ಬಸವಣ್ಣನ ಪರಂಪರೆಯವರು ಕಾಲಜ್ಞಾನವನ್ನು ಅಮರಗನ್ನಡವೆಂಬ ಗುಪ್ತಲಿಪಿಯಲ್ಲಿ ಬರೆದಿಟ್ಟರು. ಓಲೆಗರಿ ಕೈಗೆ ಸಿಕ್ಕರೂ ಲಿಪಿ ಬಲ್ಲವರಿಲ್ಲದೆ ಓದುವಂತಿಲ್ಲ. ಅವರಿಗೆ ಕಾರಣವಿತ್ತು. ಪುಸ್ತಕಕ್ಕೆ ಹಳೆಯ ಪೇಪರಿನ ರಟ್ಟು ಹಾಕಿ ಹೆಸರೇ ಕಾಣದಂತೆ ಬಸ್ಸಿನಲ್ಲಿ ಓದುವವರಿಗೆ ಏನು ಕಾರಣ? ಪಕ್ಕದ ಸೀಟಿನವನು ಕತ್ತು ಕೊಂಕಿಸಿ ಹೆಸರು ಹುಡುಕಿ ಸೋಲುವ ದುಃಖ ಅವರಿಗೆ ತಿಳಿಯದು. ಯಾದಗಿರಿ ಬಿಟ್ಟು ಭೀಮೆಯ ಸೇತುವೆ ದಾಟಿದರೂ ಒಮ್ಮೆ ನನಗೆ ಒಂದು ಪುಸ್ತಕದ ಹೆಸರು ಸಿಗಲಿಲ್ಲ. ಕೊನೆಗೆ ಕಂಡಕ್ಟರೇ ಟಿಕೇಟು ಕೊಡುವಾಗ ನನ್ನ ಪರವಾಗಿ ಕೇಳಿದರು: ‘ಏನ್ ಓದ್ಲಕತ್ತೀರಿ?’ ಅದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಇರಲಿ, ಅದೂ ಓದೇ. ಆ ಹುಡುಗ ಶಹಾಪುರ ಬರುವತನಕ ಸಂವಿಧಾನದ ವಿಧಿಗಳನ್ನು ನನಗೆ ಒಪ್ಪಿಸಿದ.

ಸಾಲ ಕೊಡುವ ವಿಷಯದಲ್ಲಿ ನಾನು ಜಿಪುಣ. ಅರ್ಧ ಓದಿದ್ದನ್ನು ಹೇಳುವೆ, ಕೊಡಲಾರೆ. ಸಿಸ್ಟರ್ ಮಾತ್ರ ‘ಬದುಕು’ ಮುಗಿಯುವ ಮೊದಲೇ ಅದನ್ನು ಮಾಸ್ತರರ ಮನೆಯವರಿಗೆ ಕೊಟ್ಟು, ಇಬ್ಬರೂ ವಾರಕ್ಕೊಬ್ಬರಂತೆ ಓದುತ್ತಿದ್ದಾರೆ. ಪುಸ್ತಕದಲ್ಲಿ ಈಗ ಎರಡು ಗುರುತಿನ ಚೀಟಿ.

ಸುರಪುರದ ಕಡೆ ಬರುವವರಿದ್ದರೆ ಮುಗಿಸದ ಪುಸ್ತಕವನ್ನೇ ತನ್ನಿ, ರಟ್ಟು ತೆಗೆದು ತನ್ನಿ. ಮುಗಿಸಿದವನ್ನು ನಿಮ್ಮ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಟ್ಟುಬಿಡಿ.